ನಮ್ಮ ತಂಡದ ಬಗ್ಗೆ ನಾನು ಬರೆದ ಒಂದು ಪುಟ

ಆ ವರ್ಷ ನಮ್ಮ ಶಾಲೆಯ ಫುಟ್‌ಬಾಲ್ ತಂಡದ ಗತಿ ಏನಾಗಲಿದೆ ಎಂದು ಒಂದು ಪುಟದಲ್ಲಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಆಟ ಬಾರದವನ ಕೈಗೆ ಪೆನ್ನು ಕೊಡುವುದು ಎಲ್ಲ ಕಾಲದ ಪದ್ಧತಿ ಇರಬೇಕು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ತಂಡದಲ್ಲಿ ಹದಿಮೂರನೆಯವನು, ಇಂಗ್ಲಿಷ್ ಪ್ರಬಂಧದಲ್ಲಿ ಮೊದಲನೆಯವನು. ಈ ಎರಡು ಸ್ಥಾನಗಳನ್ನು ಅದಲುಬದಲು ಮಾಡಿಕೊಡು ಎಂದು ಎಷ್ಟು ನಮಾಜುಗಳಲ್ಲಿ ಕೇಳಿಕೊಂಡಿದ್ದೆನೋ ಲೆಕ್ಕವಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಸೌದಿಯ ಅಲ್ ಖೋಬರ್‌ನಲ್ಲಿ ಕಟ್ಟಡಗಳು ಅರ್ಧಕ್ಕೆ ನಿಂತಿದ್ದವು. ಎಣ್ಣೆಯ ಬೆಲೆ ಬಿದ್ದಿದೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಬೆಲೆ ಬಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿ ನಾನು ತಂದೆಯಿಂದ, ನಮ್ಮ ಉಪ್ಪನಿಂದ, ಬೈಸಿಕೊಂಡಿದ್ದೆ. ಅದು ಒಳ್ಳೆಯದಲ್ಲ ಎಂದು ನಮಗೆ ಅರ್ಥವಾದದ್ದು ಶಾಲೆಯ ಹಾಜರಿಯಲ್ಲಿ. ಬೇಸಿಗೆ ರಜೆ ಮುಗಿದು ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಮೇಷ್ಟ್ರು ಒಂದೊಂದೇ ಹೆಸರು ಕರೆಯುತ್ತಿದ್ದರು. ಉತ್ತರ ಬಾರದಿದ್ದರೆ ಹಿಂದಿನ ಬೆಂಚಿನಿಂದ ಯಾರಾದರೂ “ಎಕ್ಸಿಟ್, ಸರ್” ಎನ್ನುತ್ತಿದ್ದರು. ಅಂದರೆ ಅವನ ತಂದೆಯ ಕೆಲಸ ಹೋಗಿದೆ, ವೀಸಾ ಕೊಟ್ಟು ಕರೆಸಿಕೊಂಡ ಅರಬ ಮಾಲೀಕ, ಕಫೀಲ್, ಪಾಸ್‌ಪೋರ್ಟಿಗೆ ಕೊನೆಯ ಮೊಹರು ಹಾಕಿಸಿ ಕೊಟ್ಟಿದ್ದಾನೆ, ಇನ್ನು ಅವರು ಬರುವುದಿಲ್ಲ ಎಂದರ್ಥ. ಮೇಷ್ಟ್ರು ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಮುಂದಿನ ಹೆಸರು ಕರೆಯುತ್ತಿದ್ದರು.

ಆ ಸೆಪ್ಟೆಂಬರಿನಲ್ಲಿ ಕೆಂಪು ಗೆರೆ ನಮ್ಮ ತಂಡದ ಮೇಲೆಯೇ ಹರಿದಿತ್ತು. ಗೋಲ್‌ಕೀಪರ್ ಹೋಗಿದ್ದ. ಬ್ಯಾಕ್ ಆಡುತ್ತಿದ್ದ ಅಣ್ಣತಮ್ಮಂದಿರಿಬ್ಬರೂ ಒಂದೇ ವಿಮಾನದಲ್ಲಿ ಹೋಗಿದ್ದರು. ಕ್ಯಾಪ್ಟನ್ನನ ತಂದೆಯನ್ನು ಕಂಪನಿ ಖಮೀಸ್ ಮುಶೈತ್‌ಗೆ ಎತ್ತಿ ಹಾಕಿತ್ತು. ಸಾವಿರ ಕಿಲೋಮೀಟರಿಗೂ ದೂರದ ಗುಡ್ಡದ ಊರು ಅದು. ಅಲ್ಲಿ ತಂಪಿದೆಯಂತೆ ಎಂದು ನಾವು ಹೊಟ್ಟೆಕಿಚ್ಚು ಪಟ್ಟೆವು, ಅಷ್ಟೇ. ಉಳಿದವರಲ್ಲಿ ಒಬ್ಬನಿಗೆ ಉಬ್ಬಸ, ಇನ್ನೊಬ್ಬನಿಗೆ ಸೋಡಾ ಬುಡ್ಡಿ ಕನ್ನಡಕ. ನವೆಂಬರಿನಲ್ಲಿ ಸ್ವಲ್ಪ ಚಳಿ ಬಿದ್ದ ಮೇಲೆ ಸುತ್ತಲಿನ ಭಾರತೀಯ ಶಾಲೆಗಳ ನಡುವೆ ಟೂರ್ನಮೆಂಟು. ಹದಿನಾರರ ಒಳಗಿನ ಹುಡುಗರಿಗೆ. ಹಿಂದಿನ ವರ್ಷ, ಒಳ್ಳೆಯ ತಂಡ ಇದ್ದಾಗಲೇ, ನಾವು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಅಭ್ಯಾಸ ನಡೆಯುತ್ತಿದ್ದದ್ದು ಇಳಿಹೊತ್ತಿನ ಅಸರ್ ನಮಾಜಿನ ನಂತರ, ಶಾಲೆಯ ಹಿಂದಿನ ಬಯಲಿನಲ್ಲಿ. ಹುಲ್ಲು ಎಂಬುದನ್ನು ಆ ಮೈದಾನ ಕಂಡದ್ದೇ ಇಲ್ಲ. ಗಟ್ಟಿ ಮರಳು, ನಡುನಡುವೆ ಜಲ್ಲಿ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಸಮುದ್ರದ ಕಡೆಯಿಂದ ಬರುವ ಸೆಕೆಗೆ ಓಡುವ ಮೊದಲೇ ಅಂಗಿ ಬೆನ್ನಿಗೆ ಅಂಟುತ್ತಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಕೇರಳದವರು, ಫುಟ್‌ಬಾಲ್ ಎಂದರೆ ಜೀವ ಬಿಡುವವರು. ಆ ಸಲ ಅವರೂ ಸೀಟಿ ಊದುವುದನ್ನು ಮರೆತು ಗೋಲುಕಂಬಕ್ಕೆ ಒರಗಿ ನಿಂತುಬಿಡುತ್ತಿದ್ದರು.

ನಮಗಿದ್ದ ಒಂದೇ ಆಸರೆ ನಮ್ಮ ತರಗತಿಯ ಒಬ್ಬ ಹುಡುಗ. ಹುಡುಗ ಎನ್ನಲು ಈಗಲೂ ನಾಲಿಗೆ ತಡವರಿಸುತ್ತದೆ. ಅವನ ನಿಜ ಕಥೆ ಹೀಗೆ. ಮಂಗಳೂರಿನ ಕಡಲ ಬದಿಯ ಊರು, ನಮ್ಮ ಊರಿನ ಪಕ್ಕದ್ದೇ. ಅವನ ತಂದೆ ಖೋಬರ್‌ನಲ್ಲಿ ಕಟ್ಟಡ ಸಾಮಾನಿನ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮಗ ಹುಟ್ಟಿದ ವರ್ಷವೇ ಗಲ್ಫಿಗೆ ಬಂದವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಮಗನ ಮುಖ ನೋಡಿ ಬರುತ್ತಿದ್ದರು. ಕೊನೆಗೊಂದು ದಿನ ಕಫೀಲ್ ಮನಸ್ಸು ಮಾಡಿ ಫ್ಯಾಮಿಲಿ ವೀಸಾಕ್ಕೆ ಸಹಿ ಹಾಕಿದ. ಅಷ್ಟರಲ್ಲಿ ಮಗನಿಗೆ ಹದಿನೇಳು. ಹದಿನೆಂಟು ತುಂಬಿದ ಗಂಡುಮಕ್ಕಳು ತಂದೆಯ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಇರುವಂತಿಲ್ಲ. ಹದಿನೇಳು ವರ್ಷ ಕಾದದ್ದು ಒಂದು ವರ್ಷಕ್ಕಾಗಿಯೇ? ಊರಿನ ಏಜೆಂಟ್ ಅದಕ್ಕೂ ದಾರಿ ಹೇಳಿದ. ಪಾಸ್‌ಪೋರ್ಟಿನಲ್ಲಿ ಮೂರು ವರ್ಷ ಕಡಿಮೆ ಬರೆಸುವುದು, ಏಳನೆಯ ತರಗತಿ ಪಾಸಾದ ಟಿ.ಸಿ. ಒಂದನ್ನು ಗುರುತಿನವರಿಂದ ಮಾಡಿಸುವುದು. ಹೀಗೆ ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ್ದವನು ಖೋಬರ್‌ಗೆ ಬಂದು ಎಂಟನೆಯ ತರಗತಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತ. ಈ ವರ್ಷ ನಾವಿಬ್ಬರೂ ಒಂಬತ್ತನೆಯ ತರಗತಿ. ನನಗೆ ಹದಿನೈದು, ಅವನಿಗೆ ಕಾಗದದಲ್ಲಿ ಹದಿನೈದು.

ಈಗ ಯಾರಾದರೂ ಇದನ್ನು ಮೋಸ ಎಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಮೋಸವೇ. ಆದರೆ ಮೊಣಕಾಲು ಡೆಸ್ಕಿಗೆ ತಾಗುವ ಆ ಬೆಂಚಿನಲ್ಲಿ, ದಿನ ಬೆಳಗ್ಗೆ ಮೀಸೆ ಬೋಳಿಸಿಕೊಂಡು ಬಂದು, ಮೂರು ನಾಲ್ಕು ವರ್ಷದ ಹಿಂದೆ ಕಲಿತು ಮುಗಿಸಿದ ಬೀಜಗಣಿತವನ್ನು ಮತ್ತೆ ಕಲಿಯುತ್ತಾ ಕುಳಿತಿದ್ದ ಅವನನ್ನು ಪಕ್ಕದಿಂದ ನೋಡಿದವನು ನಾನು. ಯಾಕೆ ಒಪ್ಪಿಕೊಂಡೆ ಎಂದು ಒಮ್ಮೆ ಕೇಳಿದ್ದೆ. ಉಪ್ಪನ ಜೊತೆ ಒಂದೇ ಮನೆಯಲ್ಲಿ ಇದ್ದು ಗೊತ್ತಿರಲಿಲ್ಲ, ಇರೋಣ ಅನ್ನಿಸಿತು ಎಂದ. ತಂದೆ ಗೊರಕೆ ಹೊಡೆಯುತ್ತಾರೆ ಎಂಬುದು ಹದಿನೇಳನೆಯ ವರ್ಷದಲ್ಲಿ ಸರಿಯಾಗಿ ಗೊತ್ತಾಯಿತು ಎಂದು ನಕ್ಕ.

ನಮ್ಮ ಎರಡು ಮನೆಗಳಿಗೆ ಓಡಾಟವಿದ್ದದ್ದರಿಂದ ಗುಟ್ಟು ನನಗೆ ಗೊತ್ತಿತ್ತು. ಉಮ್ಮ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಮನೆಯಲ್ಲಿ ಅಣ್ಣನೆಂದು ಕರೆ, ಶಾಲೆಯಲ್ಲಿ ಹೆಸರು ಹಿಡಿದು ಕರೆ, ತಪ್ಪಿದರೆ ಅವರ ಇಡೀ ಸಂಸಾರ ಬೀದಿಗೆ ಬರುತ್ತದೆ. ಒಂದು ವರ್ಷ ನಾನು ತಪ್ಪಲಿಲ್ಲ.

ಆಟದಲ್ಲಿ ಅವನು ನಮ್ಮ ಮಟ್ಟದವನೇ ಅಲ್ಲ. ಊರಿನ ಕಡಲ ದಡದ ಮರಳಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು, ಹೈಸ್ಕೂಲಿನಲ್ಲಿದ್ದಾಗ ತಾಲೂಕು ತಂಡಕ್ಕೆ ಆಯ್ಕೆಯಾಗಿ ಎರಡು ವರ್ಷ ಆಡಿದವನು. ನಮ್ಮೊಡನೆ ಆಡುವಾಗ ಬೇಕೆಂದೇ ನಿಧಾನ ಓಡುತ್ತಿದ್ದ, ಚಿಕ್ಕವರ ಕಾಲಿಗೆ ತಾಗದಂತೆ ಪಕ್ಕಕ್ಕೆ ಸರಿಯುತ್ತಿದ್ದ. ಮೊದಲ ವರ್ಷ ಟೂರ್ನಮೆಂಟಿಗೇ ಬರಲಿಲ್ಲ, ಕಾಲು ನೋವು ಎಂದು ಸುಳ್ಳು ಹೇಳಿದ್ದ. ಈ ವರ್ಷ ಪಿ.ಟಿ. ಮೇಷ್ಟ್ರು ಬಿಡಲಿಲ್ಲ. ಕೈ ಹಿಡಿದು, ಹೆಚ್ಚುಕಡಿಮೆ ಬೇಡಿಕೊಂಡು ಒಪ್ಪಿಸಿದರು. ಅವನು ಒಪ್ಪಿದ್ದಕ್ಕೆ ಇನ್ನೊಂದು ಕಾರಣ ನನಗೆ ಗೊತ್ತಿತ್ತು. ಪಂದ್ಯಗಳಲ್ಲಿ ಒಂದು ಶುಕ್ರವಾರ ಬೀಳುತ್ತಿತ್ತು. ಗೋದಾಮಿಗೆ ಶುಕ್ರವಾರ ಮಾತ್ರ ರಜೆ. ಮಗ ಆಡುವುದನ್ನು ಅವನ ತಂದೆ ಒಮ್ಮೆಯೂ ನೋಡಿರಲಿಲ್ಲ.

ಅವನು ಹೀಗೆ ಆಡಲು ಒಪ್ಪುವ ಮೊದಲು, ಆ ವರ್ಷ ಸೆಂಟರ್ ಫಾರ್ವರ್ಡ್ ಜಾಗ ನನಗೆ ಸಿಗುವುದರಲ್ಲಿತ್ತು. ಇದನ್ನು ಹೇಳದೆ ಮುಂದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಟೂರ್ನಮೆಂಟು ನಡೆಸುವ ಶಾಲೆಯವರು ಪ್ರತಿ ತಂಡದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ತರಿಸಿಕೊಂಡು, ಎಲ್ಲ ಸೇರಿಸಿ ಸೈಕ್ಲೋಸ್ಟೈಲ್ ಮಾಡಿ ಹಂಚುವ ರೂಢಿ ಇತ್ತು. ನಾನು ಬರೆದ ಮೊದಲ ಕರಡಿನಲ್ಲಿ ಇದ್ದದ್ದು ಬರೀ ಗೋಳು. ಕೀಪರ್ ಇಲ್ಲ, ಬ್ಯಾಕ್ ಇಲ್ಲ, ಉಬ್ಬಸದವನನ್ನು ಮಧ್ಯದಲ್ಲಿ ಆಡಿಸುತ್ತಿದ್ದೇವೆ, ಗೆಲ್ಲುವ ಆಸೆ ಇಲ್ಲ, ಮರ್ಯಾದೆಯಿಂದ ಸೋತರೆ ಸಾಕು. ಪಿ.ಟಿ. ಮೇಷ್ಟ್ರು ಓದಿ ಹಣೆ ಚಚ್ಚಿಕೊಂಡರು. ಇದನ್ನು ಓದಿದರೆ ನಮ್ಮ ಹುಡುಗರು ಮೈದಾನಕ್ಕೇ ಇಳಿಯುವುದಿಲ್ಲ, ನಮ್ಮ ಫಾರ್ವರ್ಡ್ ಬಗ್ಗೆ ಚೆನ್ನಾಗಿ ನಾಲ್ಕು ಸಾಲು ಬರೆ, ಎದುರಾಳಿಗಳು ಸ್ವಲ್ಪ ಹೆದರಲಿ ಎಂದರು. ಜೊತೆಗೆ, ಈ ಸಲ ಅವನೇ ಕ್ಯಾಪ್ಟನ್, ನೀನು ಎರಡನೆಯ ಬದಲಿ ಆಟಗಾರ, ಹನ್ನೆರಡನೆಯವನ ಕಾಲು ಉಳುಕಿದರೆ ನೋಡೋಣ ಎಂದೂ ಹೇಳಿದರು.

ನಾನು ಕುಳಿತು ಆ ಗೋಳಿನ ಕೆಳಗೇ ನಾಲ್ಕು ಸಾಲು ಸೇರಿಸಿದೆ. ನಾಲ್ಕನೆಯ ಸಾಲು ಇದು: ನಮ್ಮ ನಾಯಕ ಊರಿನ ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಮಂಗಳೂರು ತಾಲೂಕು ತಂಡಕ್ಕೆ ಆಡಿದವನು.

ಅದನ್ನು ಬರೆಯುವಾಗ ಮನಸ್ಸಿನಲ್ಲಿ ಏನಿತ್ತು ಎಂದು ನಲವತ್ತು ವರ್ಷ ಕೆದಕಿದ್ದೇನೆ. ಹೆಮ್ಮೆ ಇತ್ತು, ಖಂಡಿತ ಇತ್ತು. ನಮ್ಮ ಊರಿನವನು, ನಮ್ಮ ಭಾಷೆಯವನು, ತಾಲೂಕಿಗೆ ಆಡಿದವನು ಎಂದು ಇಂಗ್ಲಿಷಿನಲ್ಲೇ ಮಾತಾಡುವ ಬೇರೆ ಶಾಲೆಗಳ ಹುಡುಗರ ಮುಂದೆ ಎದೆ ಉಬ್ಬಿಸಬೇಕಿತ್ತು. ಆದರೆ ಊರಲ್ಲಿ ಎರಡು ವರ್ಷ ಹೈಸ್ಕೂಲ್ ಆಡಿ ಬಂದವನು ಇಲ್ಲಿ ಒಂಬತ್ತನೆಯ ತರಗತಿಯಲ್ಲಿ ಹೇಗಿರುತ್ತಾನೆ ಎಂದು ಲೆಕ್ಕ ಹಾಕಲಾರದಷ್ಟು ದಡ್ಡ ನಾನಾಗಿರಲಿಲ್ಲ. ಪೆನ್ನು ಒಂದು ಗಳಿಗೆ ನಿಂತದ್ದು ನನಗೆ ನೆನಪಿದೆ. ನಿಂತು, ಮತ್ತೆ ನಡೆಯಿತು.

ಅದು ಬುಧವಾರ. ಪುಟವನ್ನು ಪಿ.ಟಿ. ಮೇಷ್ಟ್ರ ಮೇಜಿನ ಮೇಲೆ ಇಟ್ಟು ಅಭ್ಯಾಸಕ್ಕೆ ಹೋದೆ. ಗುರುವಾರ, ಶುಕ್ರವಾರ ರಜೆ. ಶನಿವಾರ ಆಫೀಸಿನ ಗುಮಾಸ್ತರು ಟೈಪ್ ಮಾಡುವುದು ಎಂದಿತ್ತು. ಅಭ್ಯಾಸ ಮುಗಿದು ನಲ್ಲಿಯ ಹತ್ತಿರ ಕಾಲು ತೊಳೆಯುವಾಗ ಅವನಿಗೆ ಕರಡು ಕಾಗದ ಕೊಟ್ಟೆ. ಹೊಗಳಿ ಬರೆದಿದ್ದೇನೆ, ಓದಿ ಸಂತೋಷಪಡಲಿ ಎಂದು. ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ನಿಧಾನವಾಗಿ ಓದಿದ. ಮತ್ತೊಮ್ಮೆ ಓದಿದ.

“ಚಂದ ಬರೆದಿದ್ದಿ. ಈ ಕೊನೇ ಸಾಲು ತೆಗೀಲಿಕ್ಕೆ ಆಗ್ತದಾ?” ಎಂದ.

“ಟೈಪ್ ಆಗಿಹೋಗಿದೆ” ಎಂದೆ.

ಆಗಿರಲಿಲ್ಲ. ಕಾಗದ ಮೇಷ್ಟ್ರ ಮೇಜಿನ ಮೇಲೆ, ನಲ್ಲಿಯಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ಯಾಕೆ ಹಾಗೆಂದೆ? ನಾನು ಬರೆದದ್ದನ್ನು ತಿದ್ದು ಎಂದನಲ್ಲ ಎಂಬ ಸಿಟ್ಟೋ, ಈ ಒಂದು ವಿಷಯದಲ್ಲಾದರೂ ಇವನು ನನ್ನ ಮಾತು ಕೇಳಲಿ ಎಂಬ ಹಠವೋ. ಅವನು ತಲೆಯಾಡಿಸಿ, ಹೋಗ್ಲಿ ಬಿಡು, ಯಾರು ಅಷ್ಟು ಗಮನ ಇಟ್ಟು ಓದ್ತಾರೆ ಎಂದ. ಅವನು ನನ್ನನ್ನು ಸಮಾಧಾನ ಮಾಡುತ್ತಿದ್ದ. ನನ್ನ ಕೆನ್ನೆಗೆ ಬಾರಿಸಿದ್ದರೆ ಒಳ್ಳೆಯದಿತ್ತು. ಗುರುವಾರವಿತ್ತು, ಶುಕ್ರವಾರವಿತ್ತು, ಶನಿವಾರ ಬೆಳಗ್ಗೆ ಬಸ್ಸಿಳಿದು ನೇರ ಆಫೀಸಿಗೆ ಓಡಿದ್ದರೂ ಸಾಕಿತ್ತು. ನಾನು ಓಡಲಿಲ್ಲ.

ಗಮನವಿಟ್ಟು ಓದುವವರು ಒಬ್ಬರಿದ್ದರು. ಟೂರ್ನಮೆಂಟು ನಡೆಸುವ ಶಾಲೆಯ ಒಬ್ಬ ಮೇಷ್ಟ್ರು ನಮ್ಮ ಜಿಲ್ಲೆಯವರೇ ಅಂತೆ. ತಾಲೂಕು ಮಟ್ಟದ ಆಟ ಯಾವ ವಯಸ್ಸಿನವರದ್ದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹತ್ತು ದಿನದಲ್ಲಿ ನಮ್ಮ ಪ್ರಿನ್ಸಿಪಾಲರಿಗೆ ಪತ್ರ ಬಂತು: ಈ ಆಟಗಾರನ ಊರಿನ ಶಾಲೆಯ ಮೂಲ ದಾಖಲೆ ತೋರಿಸಿ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೆ ಶಾಲೆಯ ಪರವಾನಗಿಯನ್ನು ವರ್ಷ ವರ್ಷ ಉಸಿರು ಬಿಗಿಹಿಡಿದು ನವೀಕರಿಸಿಕೊಳ್ಳುವವರು. ಅವನ ತಂದೆಯನ್ನು ಕರೆಸಿದರು. ಬೆಳಗ್ಗೆ ಹತ್ತು ಗಂಟೆಗೆ, ಸಿಮೆಂಟು ಧೂಳಿನ ಷೂ ಹಾಕಿಕೊಂಡು ಆ ಮನುಷ್ಯ ಕಾರಿಡಾರಿನಲ್ಲಿ ನಡೆದು ಹೋದದ್ದನ್ನು ನಾನು ಕ್ಲಾಸಿನ ಕಿಟಕಿಯಿಂದ ಕಂಡೆ. ಪಕ್ಕದಲ್ಲಿ ಅವನೂ ಕಂಡ. ಕಂಡು ಪುಸ್ತಕಕ್ಕೆ ಕಣ್ಣು ಇಳಿಸಿದ. ಒಳಗೆ ನಡೆದದ್ದು ಆಮೇಲೆ ಗೊತ್ತಾಯಿತು. ದೂರು ಬಂದಿದೆ ಎಂದಷ್ಟೇ ಪ್ರಿನ್ಸಿಪಾಲರು ಹೇಳಿದ್ದರು. ನೀವಾಗಿ ಹೆಸರು ತೆಗೆಸಿಕೊಂಡು ಹೋದರೆ ನಾನು ಯಾರಿಗೂ ಬರೆಯುವುದಿಲ್ಲ, ದಾಖಲೆ ಕೇಳುತ್ತಾ ಹೋದರೆ ವಿಷಯ ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದರಂತೆ.

ಶಾಲೆ ತಪ್ಪಿದ ಮೇಲೆ ಅವನು ಇಲ್ಲಿರಲು ನೆಪವೇ ಉಳಿಯಲಿಲ್ಲ. ಪಾಸ್‌ಪೋರ್ಟಿನ ಸುಳ್ಳು ವೀಸಾ ಕಾಗದ ನೋಡುವ ಜವಾಜಾತ್ ಕಚೇರಿಯವರೆಗೆ ಹೋದರೆ ತಂದೆಗೇ ಜೈಲು ಎಂದು ಹೆದರಿ, ತಾಯಿ ಮಗ ಇಬ್ಬರಿಗೂ ಎಕ್ಸಿಟ್ ಹಾಕಿಸುವುದೆಂದು ಆ ಮನೆಯಲ್ಲಿ ತೀರ್ಮಾನವಾಯಿತು. ತಂದೆ ಮನೆ ಖಾಲಿ ಮಾಡಿ, ಮೊದಲಿನಂತೆ ಆರು ಜನರ ರೂಮಿಗೆ. ಹದಿನೇಳು ವರ್ಷ ಕಾದು ಸಿಕ್ಕಿದ್ದು ಒಂದು ವರ್ಷ ಮೂರು ತಿಂಗಳು.

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು. ಊರಿನವರೇ ಯಾರೋ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದು, ಅವನ ಕೈ ಸೇದಿಹೋಗ್ಲಿ ಎಂದು ಉಮ್ಮ ಶಾಪ ಹಾಕಿದರು. ನಾನು ಆ ಕೈಯಿಂದಲೇ ಅನ್ನ ಕಲಸುತ್ತಿದ್ದೆ. ಪಿ.ಟಿ. ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅವರೂ ತಾವು ಹೇಳಿ ಬರೆಸಿದ್ದೆಂದು ಬೆಂದುಹೋಗಿದ್ದರು. ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು.

ಟೂರ್ನಮೆಂಟಿನ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅವನ ಜಾಗದಲ್ಲಿ ನಾನೇ ಆಡಿದೆ. ಮೂರೂ ಪಂದ್ಯ ಸೋತೆವು. ಶುಕ್ರವಾರದ ಪಂದ್ಯದಲ್ಲಿ ಖಾಲಿ ಗೋಲಿನ ಎದುರು ಚೆಂಡು ಸಿಕ್ಕಿತು, ಆಕಾಶಕ್ಕೆ ಹೊಡೆದೆ. ಯಾರೂ ಬೈಯಲಿಲ್ಲ. ನಾವು ಸೋಲುತ್ತೇವೆಂದು ನಾನೇ ಬರೆದುಕೊಟ್ಟಿದ್ದೆನಲ್ಲ, ಅಷ್ಟರ ಮಟ್ಟಿಗೆ ನನ್ನ ಬರಹ ಸರಿಯಾಗಿತ್ತು.

ಆದರೆ ಅದಕ್ಕೂ ಮೊದಲಿನ ಒಂದು ಶುಕ್ರವಾರ, ಅವರು ಹೊರಡುವ ಹಿಂದಿನ ದಿನ, ಜುಮಾ ನಮಾಜು ಮುಗಿಸಿ ಉಪ್ಪ ನನ್ನನ್ನು ಅವರ ಮನೆಗೆ ಕಳಿಸಿದರು. ಊರಿಗೆ ಒಯ್ಯಲು ಒಂದು ಪೊಟ್ಟಣ ಕೊಡುವುದಿತ್ತು. ಹೋಗುವುದಿಲ್ಲ ಎನ್ನಲು ಕಾರಣ ಹೇಳಬೇಕಾಗುತ್ತದೆ ಎಂದು ಹೋದೆ. ದಾರಿಯುದ್ದಕ್ಕೂ ಒಂದೇ ನಿರ್ಧಾರ: ಕ್ಷಮೆ ಕೇಳುವುದು, ಎಲ್ಲರ ಎದುರೇ ಕೇಳುವುದು. ಬಾಗಿಲು ತೆರೆದದ್ದು ಅವನ ತಂದೆ. ಒಳಗೆ ಫ್ರಿಜ್ಜು ಮಾರಾಟವಾಗಿ ಹೋಗಿತ್ತು, ಗೋಡೆಯಲ್ಲಿ ಅದರ ಗುರುತು ಮಾತ್ರ ಇತ್ತು. ಅವನು ನೆಲದ ಮೇಲೆ ಕುಳಿತು ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಸುತ್ತುತ್ತಿದ್ದ. ಬಾ ಎಂದ, ಎಂದಿನಂತೆಯೇ. ಅವನ ಉಮ್ಮ ಒಳಗಿನಿಂದ ಸುಲೈಮಾನಿ ಚಹಾ ಕಳಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಅವನ ತಂದೆ ಪಾಸ್‌ಪೋರ್ಟುಗಳಿದ್ದ ಫೈಲಿನಿಂದ ಒಂದು ಕಾಗದ ತೆಗೆದರು. ಟಿ.ಸಿ. ತರಲು ಶಾಲೆಗೆ ಹೋದಾಗ ಪಿ.ಟಿ. ಮೇಷ್ಟ್ರು, ನಿಮ್ಮ ಮಗನ ಬಗ್ಗೆ ಬರೆದದ್ದು, ಇಟ್ಟುಕೊಳ್ಳಿ ಎಂದು ಕೊಟ್ಟರಂತೆ. ಬರೆದದ್ದು ನಾನೆಂದೂ ಹೇಳಿದರಂತೆ. ಆ ಮನುಷ್ಯನಿಗೆ ಕನ್ನಡ ಓದಲು ಬರುತ್ತಿತ್ತು, ಕುರ್‌ಆನ್ ಓದಲು ಬರುತ್ತಿತ್ತು. ಇಂಗ್ಲಿಷ್ ಎಂದರೆ ಮೂಟೆಗಳ ಮೇಲಿನ ಗುರುತಿನಷ್ಟೇ. ಮಗನಿಗೆ ಕೇಳಿದರೆ ನಾಚಿಕೊಂಡು ಓದುವುದಿಲ್ಲವಂತೆ.

“ನೀನೇ ಓದು ಮಗಾ, ನಮ್ಮ ಭಾಷೆಯಲ್ಲಿ ಹೇಳು” ಎಂದು ಚಾಪೆಯ ಮೇಲೆ ನನ್ನ ಎದುರು ಚಕ್ಕಂಬಕ್ಕಲ ಹಾಕಿ ಕುಳಿತರು.

ಕಾಗದ ಬಿಡಿಸಿದೆ. ಕೀಪರ್ ಇಲ್ಲದ್ದು, ಬ್ಯಾಕ್ ಇಲ್ಲದ್ದು, ಉಬ್ಬಸದವನ ವಿಷಯ ಎಲ್ಲ ಹೇಳಿದೆ, ಅವರು ನಕ್ಕರು. ಆಮೇಲೆ ಮಗನ ಬಗ್ಗೆ ಒಂದೊಂದೇ ಸಾಲು. ಅವನ ಕಾಲಲ್ಲಿ ಚೆಂಡು ಇದ್ದರೆ ನಮಗೆ ಧೈರ್ಯ. ಅವನು ಚಿಕ್ಕವರನ್ನು ನೋಯಿಸದೆ ಆಡುತ್ತಾನೆ. ಈ ವರ್ಷ ನಮಗೆ ಇರುವ ಆಸೆ ಅವನೊಬ್ಬನೇ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಆಟವನ್ನೇ ನೋಡುತ್ತಿರುವ ಹಾಗೆ. ಮೂರು ಸಾಲು ಮುಗಿಯಿತು. ನಾಲ್ಕನೆಯದು ಕಣ್ಣೆದುರೇ ಇತ್ತು. ಕ್ಷಮೆ ಕೇಳಲು ಬಂದವನು ಅದನ್ನು ಓದಲಿಲ್ಲ. ಕಾಗದ ಮಡಚಿಬಿಟ್ಟೆ.

ಅವರು ಕಣ್ಣು ತೆರೆದರು. ಮುಖದಲ್ಲಿ ಏನೋ ಕೊರತೆ.

“ಇಷ್ಟೇಯಾ? ಇವ ತಾಲೂಕಿಗೆ ಆಡಿದ್ದು ಬರೀಲಿಲ್ವಾ ಮಾರಾಯ? ನಾನು ಇಲ್ಲಿ ಆ ಸುದ್ದಿ ಬರೆದ ಊರಿನ ಕಾಗದ ಎಷ್ಟು ಸಲ ಓದಿದ್ದೇನೆ. ಅದನ್ನೇ ಮೊದಲು ಬರೀಬೇಕಿತ್ತು” ಎಂದರು.

ಅವನು ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದ. ಬಿಗಿದು ಮುಗಿಸಿ, ನನ್ನ ಕಡೆ ನೋಡದೆ ತಂದೆಗೆ ಹೇಳಿದ:

“ಅದು ಇವನಿಗೆ ಗೊತ್ತಿರ್ಲಿಲ್ಲ, ಉಪ್ಪ.”